ದಾದಿಯ ವಿದ್ಯೆಯೂ ಗೃಹಿಣಿಯ ಧರ್ಮವೂ



ಈ ಸಂಜೆ ನಾನು ತಮ್ಮ ಮುಂದೆ ಅರಿಕೆಮಾಡಬೇಕೆಂದಿರುವ ವಿಷಯವು ಅನೇಕರ ಮನೆಗಳಲ್ಲಿ ಸದ್ದಿಲ್ಲದೆ ನಡೆದುಹೋಗುತ್ತಿರುವ ಒಂದು ಸಂಗತಿ. ದಾದಿಯ ವಿದ್ಯೆಯನ್ನು, ಎಂದರೆ ನರ್ಸಿಂಗ್ ಶಿಕ್ಷಣವನ್ನು, ಕಲಿಯುತ್ತಿರುವ ಹುಡುಗಿಗೆ ವ್ಯಾಸಂಗದ ನಡುವೆಯೇ ಮದುವೆಯಾಗುತ್ತದೆ. ಕೆಲವು ವೇಳೆ ಪರೀಕ್ಷೆಗಳು ಮುಗಿಯುವುದರೊಳಗಾಗಿ ಮಗುವೂ ಹುಟ್ಟುತ್ತದೆ. ಆಗ ಆ ವಿದ್ಯೆ ಮುಂದುವರಿಯಬೇಕೆ, ನಿಲ್ಲಬೇಕೆ? ಮುಂದುವರಿಯಬೇಕಾದರೆ ಅದರ ಭಾರವನ್ನು ಯಾರು ಯಾರು ಎಷ್ಟೆಷ್ಟು ಹೊರಬೇಕು? ಈ ಎರಡು ಪ್ರಶ್ನೆಗಳೇ ಇಂದಿನ ಮಾತಿಗೆ ವಸ್ತು.

ಈ ವಿಷಯವಾಗಿ ಮಾತನಾಡಲು ಇವನಿಗೇನು ಅಧಿಕಾರವೆಂದು ತಾವು ಕೇಳಬಹುದು. ನಾನು ವೈದ್ಯನಲ್ಲ; ಇಂಗ್ಲಿಷ್ ಸಾಹಿತ್ಯವನ್ನು ಓದಿ, ಅದನ್ನೇ ಪಾಠ ಹೇಳಿಕೊಂಡು ಬಂದವನು. ಆದರೆ ನರ್ಸಿಂಗ್ ಪದವಿಯ ಮೊದಲನೆಯ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಒಂದು ಪಾಠವಿಷಯವಾಗಿದೆ. ಅದನ್ನು ಹೇಳುವುದಕ್ಕೆಂದು ಕೆಲವು ವರ್ಷಗಳಿಂದ ವಾರಕ್ಕೆರಡು ದಿನ ಒಂದು ನರ್ಸಿಂಗ್ ಕಾಲೇಜಿಗೆ ಹೋಗಿಬರುತ್ತಿದ್ದೇನೆ. ಮೊದಲ ವರ್ಷದಲ್ಲಿ ನನ್ನ ಮುಂದೆ ಕುಳಿತಿದ್ದ ಹುಡುಗಿಯರಲ್ಲಿ ಒಬ್ಬಿಬ್ಬರು ಎರಡನೆಯ, ಮೂರನೆಯ ವರ್ಷಕ್ಕೆ ಕಾಣುವುದಿಲ್ಲ. ವಿಚಾರಿಸಿದರೆ ಗೆಳತಿಯರು, "ಅವಳಿಗೆ ಮದುವೆಯಾಯಿತು ಸಾರ್," ಎನ್ನುತ್ತಾರೆ. ಆ ಮಾತಿನಲ್ಲಿ ಸಂತೋಷವೂ ಇರುತ್ತದೆ, ಒಂದು ಮುಕ್ತಾಯವೂ ಇರುತ್ತದೆ. ಮದುವೆಯೆಂಬ ಮಂಗಳ ಕಾರ್ಯವು ವಿದ್ಯೆಗೆ ಮುಕ್ತಾಯವಾಗಲೇಬೇಕೆ ಎಂಬ ಯೋಚನೆ ನನಗೆ ಹುಟ್ಟಿದ್ದು ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದರಿಂದ.

ನಮ್ಮ ಹಿರಿಯರು ಬಾಳನ್ನು ಆಶ್ರಮಗಳಾಗಿ ವಿಂಗಡಿಸಿದರು. ಮೊದಲು ಬ್ರಹ್ಮಚರ್ಯ, ಅನಂತರ ಗಾರ್ಹಸ್ಥ್ಯ. ಗುರುಕುಲವಾಸ ಮುಗಿದು ಸಮಾವರ್ತನವಾದ ಮೇಲೆಯೇ ವಿವಾಹ. ವಿದ್ಯೆ ಮುಗಿದ ಮೇಲೆ ಸಂಸಾರವೆಂಬ ಈ ಕ್ರಮ ಬಹಳ ಸುಂದರವಾದದ್ದು, ಸಂದೇಹವಿಲ್ಲ. ಆದರೆ ಆ ಕ್ರಮವನ್ನು ಬಹುಮಟ್ಟಿಗೆ ಗಂಡುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದರೆಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಇಂದಿನ ಲೆಕ್ಕವನ್ನು ನೋಡಿರಿ. ನರ್ಸಿಂಗ್ ಶಾಲೆಗೆ ಸೇರಲು ಕನಿಷ್ಠ ವಯಸ್ಸು 17 ವರ್ಷ. 2006ರ ಬಾಲ್ಯವಿವಾಹ ನಿಷೇಧ ಶಾಸನದ ಪ್ರಕಾರ ಹುಡುಗಿಗೆ ಮದುವೆಯಾಗಲು ಕನಿಷ್ಠ ವಯಸ್ಸು 18. ಡಿಪ್ಲೊಮಾಕ್ಕೆ 3 ವರ್ಷ, ಪದವಿಗೆ 4 ವರ್ಷ. ಹೀಗೆ ವಿದ್ಯೆಯ ಕಾಲವೂ ನಮ್ಮ ಮನೆಗಳಲ್ಲಿ ಗಂಡು ಹುಡುಕುವ ಕಾಲವೂ ಒಂದರ ಮೇಲೊಂದು ಬಂದು ಕುಳಿತಿವೆ. ಮದುವೆಯನ್ನು ಮುಂದಕ್ಕೆ ಹಾಕಲು ಸಾಧ್ಯವಾದರೆ ಹಾಕುವುದೇ ಮೇಲು. ಅದಕ್ಕೆ ಎರಡು ಮಾತಿಲ್ಲ. ಅಜ್ಜಿಯ ಕಾಯಿಲೆ, ತಂದೆಯ ನಿವೃತ್ತಿ, ಒಪ್ಪಿದ ಸಂಬಂಧ ಕೈತಪ್ಪೀತೆಂಬ ಭಯ, ಇವುಗಳಿಂದ ಮುಂದೂಡಲಾಗದ ಮನೆಗಳೂ ಉಂಟು. ತಾನೇ ಮನಸ್ಸುಮಾಡಿ ಮದುವೆಯಾಗುವ ಹುಡುಗಿಯರೂ ಉಂಟು. ನನ್ನ ಮಾತು ಇಂಥವರನ್ನು ಕುರಿತದ್ದು.

ದಾದಿಯು ಅವಿವಾಹಿತಳಾಗಿರಬೇಕೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂದಿತು? ಅದಕ್ಕೊಂದು ಇತಿಹಾಸವಿದೆ. ಯೂರೋಪಿನಲ್ಲಿ ರೋಗಿಗಳ ಶುಶ್ರೂಷೆಯನ್ನು ಬಹುಕಾಲ ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದರು. "ಸಿಸ್ಟರ್" ಎಂದು ನಾವು ಇಂದಿಗೂ ದಾದಿಯನ್ನು ಕರೆಯುವ ಹೆಸರು ಆ ಮಠಗಳ ಕಡೆಯಿಂದ ಬಂದದ್ದು. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹನೀಯಳು 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಶುಶ್ರೂಷೆಯನ್ನು ಅಭ್ಯಾಸಮಾಡಿದಳು; ಅದನ್ನು ನಡೆಸುತ್ತಿದ್ದವರೂ ಧರ್ಮಸೇವೆಗೆ ಮುಡಿಪಾದ ಅವಿವಾಹಿತ ಸ್ತ್ರೀಯರೇ. 1854ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳಿಗಾಗಿ ಆಕೆ 38 ಮಂದಿ ಹೆಂಗಸರೊಡನೆ ಹೊರಟಾಗ ಅವರಲ್ಲಿಯೂ ಸಂನ್ಯಾಸಿನಿಯರಿದ್ದರು. 1860ರಲ್ಲಿ ಲಂಡನ್ ನಗರದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಿಕ್ಷಣಶಾಲೆ ತೆರೆಯಿತು. ಕಲಿಯುವವರು ಆಸ್ಪತ್ರೆಗೆ ಸೇರಿದ ವಸತಿಯಲ್ಲಿಯೇ ಇರಬೇಕು, ಮೇಲ್ವಿಚಾರಕಿಯ ಕಣ್ಣಿನ ಕೆಳಗೆ ನಡೆಯಬೇಕು. ದಾದಿಯ ಕೆಲಸಕ್ಕೆ ಗೌರವವೇ ಇಲ್ಲದಿದ್ದ ಆ ಕಾಲದಲ್ಲಿ, ಒಳ್ಳೆಯ ಮನೆತನದ ತಂದೆತಾಯಿಗಳು ಧೈರ್ಯವಾಗಿ ಮಗಳನ್ನು ಕಳುಹಿಸಬೇಕಾದರೆ ಇಂಥ ಕಟ್ಟುಪಾಡು ಬೇಕಾಗಿತ್ತು. ಆ ಶಾಲೆಯ ಮಾದರಿ ಪ್ರಪಂಚವನ್ನೆಲ್ಲ ಸುತ್ತಿತು. ಅದರೊಡನೆ ಅವಿವಾಹಿತಳ ಚಿತ್ರವೂ ಸುತ್ತಿತು. ಒಂದು ಕಾಲದ ಅನುಕೂಲಕ್ಕಾಗಿ ಆದ ಏರ್ಪಾಡು ಕ್ರಮೇಣ ಆ ವೃತ್ತಿಯ ಸ್ವಭಾವವೆಂಬಂತೆ ತೋರತೊಡಗಿತು.

ಇದು ಒಂದು ಪರಂಪರೆ. ನಮ್ಮ ನಾಡಿನಲ್ಲಿ ಇನ್ನೊಂದು ಪರಂಪರೆ ಇತ್ತು, ಅದೇ ಸೂಲಗಿತ್ತಿಯದು. ನಮ್ಮ ಹಳ್ಳಿಗಳಲ್ಲಿ ಮದುವೆಯಾಗದ, ಮಕ್ಕಳನ್ನು ಹೆರದ ಹುಡುಗಿಯನ್ನು ಯಾರೂ ಹೆರಿಗೆಗೆ ಕರೆಯುತ್ತಿರಲಿಲ್ಲ. ತಾನು ಹೆತ್ತವಳೇ ಇನ್ನೊಬ್ಬಳ ಹೆರಿಗೆ ಮಾಡಿಸಬಲ್ಲಳೆಂಬುದು ಜನರ ನಂಬಿಕೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ತಾವೆಲ್ಲರೂ ಕೇಳಿರುವಿರಿ. ಬಾಲ್ಯದಲ್ಲಿಯೇ ಮದುವೆಯಾಗಿ, ಅನೇಕ ಮಕ್ಕಳ ತಾಯಿಯಾದ ಆಕೆ, ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತರು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಬಯಸದೆ ಮಾಡಿಸಿದರೆಂದು ಪ್ರಖ್ಯಾತಿ. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಬಾಲ್ಯವಿವಾಹವನ್ನು ನಾನು ಹೊಗಳುತ್ತಿಲ್ಲ. ಅಕ್ಷರಬಲವಿಲ್ಲದ ಆ ವಿದ್ಯೆಗೆ ಮಿತಿಗಳಿದ್ದುವೆಂಬುದನ್ನೂ ಬಲ್ಲೆ. ಆದರೆ ಸಂಸಾರವೂ ಶುಶ್ರೂಷೆಯೂ ಒಂದಕ್ಕೊಂದು ಶತ್ರುವೆಂಬ ಮಾತು ನಮ್ಮ ನೆಲದಲ್ಲಿ ಬೆಳೆದ ಮಾತಲ್ಲವೆಂಬುದಕ್ಕೆ ಆಕೆಯ ಬಾಳು ಸಾಕ್ಷಿಯಾಗಿದೆ. ಇಂದು ಬಿಳಿಯ ಉಡುಪು ಧರಿಸಿ ವಾರ್ಡಿನಲ್ಲಿ ನಿಲ್ಲುವ ಹುಡುಗಿ ಲಂಡನ್ನಿನ ಶಾಲೆಗೂ ಪಾವಗಡದ ಅಂಗಳಕ್ಕೂ ಸಮನಾಗಿ ವಾರಸುದಾರಳು.

ದೇಶಕ್ಕೆ ಈ ಹುಡುಗಿಯರ ಅಗತ್ಯ ಎಷ್ಟು? 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿಯಿರುವಳೆಂದು ಲೆಕ್ಕ ಹಾಕಿತ್ತು. ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ವಿಷಯದಲ್ಲಿ ಪದವಿ ಶಿಕ್ಷಣ ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಶಾಸನವಾಯಿತು. ಅಂದಿನಿಂದ ಶಾಲೆಗಳು ಬಹಳ ಹೆಚ್ಚಿವೆ. ನಮ್ಮ ಕರ್ನಾಟಕದ ಕಾಲೇಜುಗಳಿಗೆ ನೆರೆಯ ಕೇರಳದಿಂದಲೂ ಹುಡುಗಿಯರು ಬಂದು ಕಲಿಯುತ್ತಾರೆ. ಹೀಗೆ ಕಷ್ಟಪಟ್ಟು ಎರಡು ಮೂರು ವರ್ಷ ತರಪೇತು ಹೊಂದಿದವಳೊಬ್ಬಳು ನಡುವೆ ನಿಂತುಹೋದರೆ, ಒಂದು ಮನೆಗೆ ಹಣದ ನಷ್ಟ. ಒಂದು ಆಸ್ಪತ್ರೆಗೆ ಎರಡು ಪಳಗಿದ ಕೈಗಳ ನಷ್ಟ. ಎಲ್ಲಕ್ಕಿಂತ ಮೇಲಾಗಿ, ನಾಳೆ ಕಷ್ಟಕಾಲ ಬಂದರೆ ತನ್ನ ಕಾಲಿನ ಮೇಲೆ ನಿಲ್ಲಬಹುದಾಗಿದ್ದ ಆ ಹೆಣ್ಣಿಗೆ ಆಸರೆಯ ನಷ್ಟ.

ಮದುವೆಯಾದವಳು ದಾದಿಯಾಗಿರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಎಷ್ಟು ಈಚಿನವರೆಗೆ ಇತ್ತೆಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ಸೆಲಿನಾ ಜಾನ್ ಎಂಬಾಕೆ 1985ರಲ್ಲಿ ಸೇನೆಯ ದಾದಿಯರ ದಳದಲ್ಲಿ ಲೆಫ್ಟಿನೆಂಟ್ ಪದವಿಯನ್ನು ಪಡೆದರು. 1988ರಲ್ಲಿ ಮದುವೆಯಾದರು, ಆ ಕಾರಣಕ್ಕಾಗಿಯೇ ಅವರನ್ನು ಸೇವೆಯಿಂದ ಬಿಡಿಸಲಾಯಿತು. ಅದಕ್ಕೆ ಆಧಾರವಾಗಿದ್ದ 1977ರ ಸೇನಾಸೂಚನೆ 1995ರಲ್ಲಿ ರದ್ದಾಯಿತು. ಆಕೆ ನ್ಯಾಯಾಲಯಗಳ ಮೆಟ್ಟಿಲನ್ನು ಹತ್ತಿದರು. 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಣ್ಣು ಮದುವೆಯಾದಳೆಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಒರಟು ಬಗೆಯ ಲಿಂಗಭೇದವೆಂದು ಹೇಳಿ, ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞೆಮಾಡಿತು. ಮದುವೆಯಾದ ವರ್ಷಕ್ಕೂ ತೀರ್ಪಾದ ವರ್ಷಕ್ಕೂ ನಡುವೆ 36 ವರ್ಷಗಳು ಕಳೆದಿದ್ದುವು. ಹಣ ಬಂದಿತು, ಗೌರವ ಬಂದಿತು. ಆ 36 ವರ್ಷಗಳ ಸೇವೆ ಮಾತ್ರ ಹಿಂದಿರುಗಿ ಬರತಕ್ಕದ್ದಲ್ಲ.

ಇನ್ನು ಈ ವಿದ್ಯೆ ಏನನ್ನು ಕೇಳುತ್ತದೆಂಬುದನ್ನು ನೋಡೋಣ. ನಾವು ಕಲಿಸುವ ಸಾಹಿತ್ಯವನ್ನಾದರೆ ಮನೆಯಲ್ಲಿ ಕುಳಿತು ಓದಿ ಪರೀಕ್ಷೆ ಕೊಡಬಹುದು. ದಾದಿಯ ವಿದ್ಯೆ ಹಾಗಲ್ಲ. ಅದು ಕೈಯಿಂದ ಕಲಿಯುವ ವಿದ್ಯೆ. ಪಾಠವೂ ಆಸ್ಪತ್ರೆಯ ಕೆಲಸವೂ ಸೇರಿ ವಾರಕ್ಕೆ 40 ಗಂಟೆಯ ದುಡಿಮೆ. ತರಗತಿಯ ಪಾಠಗಳಿಗೆ ಕನಿಷ್ಠ ನೂರಕ್ಕೆ 80ರಷ್ಟು ಹಾಜರಿ ಬೇಕು. ಆಸ್ಪತ್ರೆಯ ಅಭ್ಯಾಸದಲ್ಲಿ, ಪದವಿ ಕೈಗೆ ಬರುವುದರೊಳಗೆ, ನೂರಕ್ಕೆ ನೂರು ಮುಗಿದಿರಬೇಕು. ಈ ಕೊನೆಯ ನಿಯಮವನ್ನು ಕೇಳಿ ಅನೇಕರು ಹೆದರುತ್ತಾರೆ. ಆದರೆ ಅದರಲ್ಲಿ ಒಂದು ಸಮಾಧಾನವೂ ಅಡಗಿದೆ. ತಪ್ಪಿಹೋದ ಅಭ್ಯಾಸವನ್ನು ಆಮೇಲೆ ಮಾಡಿ ತುಂಬಿಕೊಡಬಹುದೆಂಬುದೇ ಅದರ ಅರ್ಥ. ನಾಲ್ಕು ವರ್ಷದ ಪದವಿಯನ್ನು ಮುಗಿಸಲು ಪರಿಷತ್ತು 8 ವರ್ಷಗಳವರೆಗೆ ಅವಕಾಶ ಕೊಟ್ಟಿದೆ. ಆದುದರಿಂದ ಒಂದು ವರ್ಷ ನಿಂತರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಲೇಜಿನಿಂದ ಹೆಸರು ತೆಗೆಸಿಕೊಂಡು ಹೋಗುವುದಕ್ಕೂ, ಬರೆದುಕೊಟ್ಟು ರಜೆ ಪಡೆದು ಹೋಗುವುದಕ್ಕೂ ಭೂಮ್ಯಾಕಾಶದ ಅಂತರವಿದೆ. ಮೊದಲನೆಯದು ಬಾಗಿಲನ್ನು ಹಾಕಿಕೊಂಡಂತೆ. ಎರಡನೆಯದು ಮುಂದೆಮಾಡಿ ಹೋದಂತೆ. ಹೆಣ್ಣುಮಕ್ಕಳ ತಂದೆತಾಯಿಗಳು ಇದೊಂದನ್ನಾದರೂ ನೆನಪಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ.

ಆಸ್ಪತ್ರೆಯಲ್ಲಿ ಬಸುರಿಗೆ ಅಪಾಯಗಳಿಲ್ಲವೆ ಎಂದರೆ, ಉಂಟು. ಆದರೆ ಅವು ತಿಳಿದ ಅಪಾಯಗಳು. ರುಬೆಲ್ಲ ಎಂಬ ಜ್ವರವೂ ಸೀತಾಳೆಸಿಡುಬೂ ಗರ್ಭಸ್ಥ ಶಿಶುವಿಗೆ ಕೇಡುಮಾಡಬಲ್ಲವು. ರುಬೆಲ್ಲದ ಲಸಿಕೆಯನ್ನು ಬಸುರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಹಾಕಿಸಿಕೊಂಡಿರಬೇಕು, ಬಸುರಿನಲ್ಲಿ ಹಾಕಿಸಿಕೊಳ್ಳಬಾರದು. ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಬಿ ರೋಗಕ್ಕೆ ಮೂರು ಸಲ ಲಸಿಕೆಯುಂಟು. ಅದನ್ನು ಆಸ್ಪತ್ರೆಯ ಕೆಲಸಕ್ಕೆ ಸೇರುವಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಎಕ್ಸ್‌ರೇ ತೆಗೆಯುವ ಕೊಠಡಿ, ಅರ್ಬುದರೋಗದ ತೀವ್ರ ಔಷಧಗಳನ್ನು ಕಲಸುವ ಸ್ಥಳ, ಭಾರವಾದ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸ, ಇವುಗಳಿಂದ ಬಸುರಿಯನ್ನು ದೂರವಿಡಬೇಕು. ಗರ್ಭದ ಮೊದಲ ವಾರಗಳಲ್ಲಿಯೇ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವುದರಿಂದ, ಆಗಲೇ ಎಚ್ಚರಿಕೆ ಹೆಚ್ಚು ಬೇಕು. ಹಾಗಾದರೆ ವಿದ್ಯಾರ್ಥಿನಿಯು ತನ್ನ ಸ್ಥಿತಿಯನ್ನು ಅಧ್ಯಾಪಿಕೆಗೆ ಬೇಗನೆ ತಿಳಿಸಬೇಕಾಗುತ್ತದೆ. ಆದರೆ ತಿಳಿಸಿದರೆ ಕಾಲೇಜಿನಿಂದ ಕಳುಹಿಸಿಬಿಡುವರೆಂಬ ಭಯವಿದ್ದಲ್ಲಿ ಯಾವ ಹುಡುಗಿ ತಾನೆ ತಿಳಿಸುವಳು? ಐದನೆಯ ತಿಂಗಳವರೆಗೆ ಮುಚ್ಚಿಟ್ಟುಕೊಂಡು, ಎತ್ತಬಾರದ್ದನ್ನು ಎತ್ತುತ್ತಾ, ನಿಲ್ಲಬಾರದ ಕಡೆ ನಿಲ್ಲುತ್ತಾ ಇರುವಳು. ಕಠಿನವಾದ ನಿಯಮವು ತಾಯಿಯನ್ನೂ ಶಿಶುವನ್ನೂ ರಕ್ಷಿಸುವುದಿಲ್ಲ. ಅವರನ್ನು ಬಚ್ಚಿಟ್ಟುಕೊಳ್ಳುವಂತೆ ಮಾಡುತ್ತದೆ. ಕಾಲೇಜುಗಳನ್ನು ನಡೆಸುವ ಮಹನೀಯರು ದಯವಿಟ್ಟು ಇದನ್ನು ಆಲೋಚಿಸಬೇಕು.

ಮನೆಯ ಕಡೆಗೆ ಬರೋಣ. ಎರಡು ವರ್ಷಗಳ ಹಿಂದೆ ಒಬ್ಬ ಹಿರಿಯ ಗೃಹಿಣಿ ತಮ್ಮ ಸೊಸೆಯ ಟಿ.ಸಿ. ಕೇಳಲು ಕಾಲೇಜಿನ ಕಚೇರಿಗೆ ಬಂದಿದ್ದರು. ನಾನೂ ಅಲ್ಲಿದ್ದೆ. ಆಕೆ ಕೋಪಿಷ್ಠೆಯಲ್ಲ, ವಿದ್ಯೆಯ ದ್ವೇಷಿಯೂ ಅಲ್ಲ. "ಮೇಷ್ಟ್ರೇ," ಎಂದರು, "ರಾತ್ರಿಯೆಲ್ಲ ಆಸ್ಪತ್ರೇಲಿ ಎದ್ದಿದ್ದು ಬಂದ ಹುಡುಗಿ ಹಗಲು ಒಲೆ ಮುಂದೆ ನಿಂತ್ಕೊಳ್ಳೋಕಾಗುತ್ತೆಯೇ? ನನಗೋ ಮಂಡಿನೋವು. ಕೂಸನ್ನ ನಾನೊಬ್ಬಳೇ ಎಷ್ಟು ಹೊತ್ತು ಎತ್ತಿಕೊಂಡಿರಲಿ? ನೀವೇ ಹೇಳಿ." ಈ ಪ್ರಶ್ನೆಗೆ ಸ್ತ್ರೀವಿದ್ಯಾಭ್ಯಾಸದ ಮೇಲಿನ ಯಾವ ಉಪನ್ಯಾಸವೂ ಉತ್ತರವಾಗಲಾರದು. ಕಾಲೇಜಿನವರು ಟಿ.ಸಿ. ಬದಲು ಒಂದು ವರ್ಷದ ರಜೆಯನ್ನು ಕೊಟ್ಟರು. ಹುಡುಗಿ ಮುಂದಿನ ವರ್ಷ ತನಗಿಂತ ಕಿರಿಯರೊಡನೆ ಕುಳಿತಳು. ವಾರದಲ್ಲಿ ಮೂರು ದಿನ ತವರಿನ ತಾಯಿ, ಉಳಿದ ದಿನ ಅತ್ತೆ, ಮಗುವನ್ನು ನೋಡಿಕೊಂಡರು. ಆಕೆ ತೇರ್ಗಡೆಯಾದಳು. ಅವಳಷ್ಟೇ ಬುದ್ಧಿವಂತೆಯಾದ ಇನ್ನೊಬ್ಬಳು ಹಿಂದಿರುಗಲೇ ಇಲ್ಲ. ಈ ಇಬ್ಬರಲ್ಲಿ ಇದ್ದ ವ್ಯತ್ಯಾಸ ಬುದ್ಧಿಯದೂ ಅಲ್ಲ, ಶ್ರದ್ಧೆಯದೂ ಅಲ್ಲ. ಬೆಳಗಿನ ಏಳು ಗಂಟೆಯಿಂದ ಸಂಜೆ ನಾಲ್ಕರವರೆಗೆ ಕೂಸು ಯಾರ ತೊಡೆಯ ಮೇಲಿರಬೇಕೆಂಬುದಕ್ಕೆ ಒಂದು ಮನೆಯಲ್ಲಿ ಉತ್ತರವಿತ್ತು, ಇನ್ನೊಂದು ಮನೆಯಲ್ಲಿ ಇರಲಿಲ್ಲ.

ಮೊದಲ ಬಾಣಂತನ ತವರುಮನೆಯದೆಂಬ ನಮ್ಮ ಪದ್ಧತಿಯನ್ನು ಇಲ್ಲಿ ಉಪಯೋಗಿಸಿಕೊಳ್ಳಬಹುದು. ತವರೂರು ಕಾಲೇಜಿಗೆ ದೂರವಾದರೆ ಹುಡುಗಿಯ ವರ್ಷ ಕಳೆಯುತ್ತದೆ. ಅದಕ್ಕೆ ಪ್ರತಿಯಾಗಿ ತಾಯಿಯೇ ಮಗಳ ಊರಿಗೆ ಬಂದಿದ್ದು ಬಾಣಂತನ ಮಾಡಿದರೆ ಪದ್ಧತಿಗೆ ಕುಂದಿಲ್ಲ, ಪಾಠಕ್ಕೂ ಕುಂದಿಲ್ಲ. ಆರು ತಿಂಗಳವರೆಗೆ ಶಿಶುವಿಗೆ ಎದೆಹಾಲಲ್ಲದೆ ಬೇರೇನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಉಪದೇಶ. ತಾಯಿ ಹೊರಗೆ ಹೋಗುವಾಗ ಹಾಲನ್ನು ಶುಚಿಯಾಗಿ ಹಿಂಡಿ, ತಣ್ಣನೆಯ ಪೆಟ್ಟಿಗೆಯಲ್ಲಿ, ಎಂದರೆ ಫ್ರಿಜ್ಜಿನಲ್ಲಿ ಇಟ್ಟುಹೋದರೆ 4 ದಿನಗಳವರೆಗೂ ಕೆಡುವುದಿಲ್ಲ. ಹೊರಗಿಟ್ಟರೆ ತಂಪುಹೊತ್ತಿನಲ್ಲಿ 4 ಗಂಟೆ, ಬೇಸಗೆಯಲ್ಲಿ ಅದಕ್ಕೂ ಕಡಮೆ. ಹಾಲನ್ನು ಬಟ್ಟಲಿನಿಂದಲೋ ಚಮಚದಿಂದಲೋ ಕುಡಿಸುವುದು ಅಜ್ಜಿಯರಿಗೆ ಕಷ್ಟವಲ್ಲ, ತಂದೆಗೂ ಕಷ್ಟವಲ್ಲ.

ತಂದೆ ಎಂದೆ. ಈ ವಿಷಯದಲ್ಲಿ ಅತ್ತೆಯ ಹೆಸರು ಬರುವಷ್ಟು ಗಂಡನ ಹೆಸರು ಬರುವುದಿಲ್ಲ. "ನಾನು ಅವಳನ್ನು ಓದಿಸುತ್ತಿದ್ದೇನೆ" ಎಂದು ಹೆಮ್ಮೆಯಿಂದ ಹೇಳುವ ತರುಣರನ್ನು ಕಂಡಿದ್ದೇನೆ. ಕಾಲೇಜಿನ ಫೀಜನ್ನು ಕಟ್ಟುವುದು ಓದಿಸುವುದರಲ್ಲಿ ಅರ್ಧ ಮಾತ್ರ. ರಾತ್ರಿಪಾಳಿ ಮುಗಿಸಿ ಬಂದವಳಿಗೆ ಐದಾರು ಗಂಟೆ ಎಡೆಬಿಡದ ನಿದ್ರೆ ಸಿಗುವಂತೆ ನೋಡಿಕೊಳ್ಳುವುದು ಉಳಿದ ಅರ್ಧ. ನಿದ್ರೆಗೆಟ್ಟ ದಾದಿಯ ಕೈಯಲ್ಲಿ ಔಷಧದ ಪ್ರಮಾಣ ತಪ್ಪಬಹುದು. ಆಕೆಯ ನಿದ್ರೆಗೂ ಪರರ ಪ್ರಾಣಕ್ಕೂ ಸಂಬಂಧವಿದೆ. ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಂಗಸನ್ನು ದೇವಿಯೆಂದು ಹೊಗಳಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ದೇವಿಗೆ ಎಂಟು ಕೈಗಳಿರಬಹುದು. ಈ ಹುಡುಗಿಗಿರುವುದು ಎರಡೇ.

ಕಾನೂನಿನ ಮಾತು ಎರಡಿವೆ. ಕೆಲಸದಲ್ಲಿರುವ ಸ್ತ್ರೀಗೆ ಹೆರಿಗೆಯ ರಜೆಯನ್ನು 2017ರಲ್ಲಿ 26 ವಾರಗಳಿಗೆ ಏರಿಸಲಾಯಿತು. 2020ರ ಸಾಮಾಜಿಕ ಭದ್ರತೆಯ ಸಂಹಿತೆಯೂ ಅದನ್ನೇ ಇಟ್ಟುಕೊಂಡಿದೆ. 50 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುವಿಹಾರವಿರಬೇಕೆಂಬ ನಿಯಮವೂ ಇದೆ. ಆದರೆ ವಿದ್ಯಾರ್ಥಿನಿಯು ನೌಕರಳಲ್ಲವಾದ್ದರಿಂದ ಈ ಹಕ್ಕುಗಳು ಅವಳಿಗೆ ತಾವಾಗಿ ಒದಗುವುದಿಲ್ಲ. ಒಂದೇ ವಾರ್ಡಿನಲ್ಲಿ ಒಂದೇ ರೋಗಿಯ ಬಳಿ ನಿಂತ ಇಬ್ಬರು ಬಸುರಿಯರಲ್ಲಿ ಸಂಬಳ ಪಡೆಯುವವಳಿಗೆ ರಜೆಯುಂಟು, ಫೀಜು ಕಟ್ಟುವವಳಿಗೆ ಅದು ಸಂಸ್ಥೆಯ ಕೃಪೆ. 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು, ವಿದ್ಯಾರ್ಥಿನಿಯರಿಗೆ ಹೆರಿಗೆಯ ರಜೆಯನ್ನೂ ಹಾಜರಿಯಲ್ಲಿ ವಿನಾಯಿತಿಯನ್ನೂ ಕೊಡುವಂತೆ ತಕ್ಕ ನಿಯಮಗಳನ್ನು ಮಾಡಿಕೊಳ್ಳಿರೆಂದು ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ವಿದ್ಯೆಯ ಹಕ್ಕು, ತಾಯಿಯಾಗುವ ಹಕ್ಕು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಹೆಣ್ಣನ್ನು ಬಲವಂತಪಡಿಸಬಾರದೆಂಬ ಅರ್ಥದ ತೀರ್ಪನ್ನು ಕೊಟ್ಟಿತು. ದಾರಿ ತೋರಿಸಿಯಾಗಿದೆ, ನಡೆಯುವ ಕೆಲಸ ಉಳಿದಿದೆ. ಆಸ್ಪತ್ರೆಯ ಶಿಶುವಿಹಾರದಲ್ಲಿ ವಿದ್ಯಾರ್ಥಿನಿಯ ಕೂಸಿಗೂ ಒಂದು ತೊಟ್ಟಿಲನ್ನು ಕಟ್ಟಿದರೆ ಸಂಸ್ಥೆಗೆ ಆಗುವ ಖರ್ಚು ಎಷ್ಟು?

ಈ ವಾದಕ್ಕೆ ಎದುರಾಗಿ ಅನುಭವಸ್ಥ ಅಧ್ಯಾಪಿಕೆಯರು ಒಂದು ಮಾತನ್ನು ಹೇಳುತ್ತಾರೆ: "ವಿನಾಯಿತಿ ಕೊಡುತ್ತಾ ಹೋದರೆ ಅರ್ಧ ಕಲಿತ ದಾದಿಯರು ಹೊರಬೀಳುತ್ತಾರೆ, ರೋಗಿಯ ಗತಿ ಏನು?" ಇದು ತಳ್ಳಿಹಾಕುವ ಮಾತಲ್ಲ. ಅದಕ್ಕೇ ನಾನು ಕೇಳುತ್ತಿರುವುದು ಕಲಿಕೆಯಲ್ಲಿ ರಿಯಾಯಿತಿಯನ್ನಲ್ಲ, ಕಾಲದಲ್ಲಿ ರಿಯಾಯಿತಿಯನ್ನು. ಮಾಡಬೇಕಾದ ಹೆರಿಗೆಗಳನ್ನೂ, ನಿಲ್ಲಬೇಕಾದ ರಾತ್ರಿಗಳನ್ನೂ ಒಂದೂ ಬಿಡದೆ ಅವಳು ಮಾಡಲಿ. ಆದರೆ ಒಂಬತ್ತನೆಯ ತಿಂಗಳಿನಲ್ಲಿಯೇ ಮಾಡಬೇಕೆಂದು ಹಟ ಹಿಡಿಯುವುದು ಬೇಡ. ಹಾಗೆಯೇ ವಿದ್ಯಾರ್ಥಿನಿಯರಿಗೂ ಒಂದು ಮಾತು. ಮದುವೆಯಾದೊಡನೆಯೇ ಮಗುವಾಗಬೇಕೆಂಬ ನಿಯಮವೇನೂ ಇಲ್ಲ. ಕುಟುಂಬಯೋಜನೆಯ ಪಾಠವನ್ನು ಇತರರಿಗೆ ಬೋಧಿಸಲು ಕಲಿಯುತ್ತಿರುವವರು ನೀವು; ಅದು ನಿಮಗೂ ಸಲ್ಲುತ್ತದೆ. ಗಂಡಹೆಂಡಿರು ಕುಳಿತು ಮಾತನಾಡಿ, ಕೊನೆಯ ಪರೀಕ್ಷೆಯವರೆಗೆ ತಡೆಯುವುದೋ, ನಡುವೆ ಒಂದು ವರ್ಷ ಬಿಡುವುದೋ ತೀರ್ಮಾನಿಸಿಕೊಳ್ಳಿ. ತಡೆಯಲಾಗದೆ ಮಗು ಬಂದರೆ ಅದನ್ನು ಅಪರಾಧವೆಂದು ಯಾರೂ ಎಣಿಸಬಾರದು, ನೀವಂತೂ ಎಣಿಸಬೇಡಿ.

ಹೆರಿಗೆಯ ಕೋಣೆಯಲ್ಲಿ ನೋವಿನಿಂದ ನರಳುವ ಹೆಣ್ಣಿನ ಕೈಯನ್ನು ಹಿಡಿದು, "ಇನ್ನು ಸ್ವಲ್ಪ ಹೊತ್ತು ತಾಳಮ್ಮ," ಎಂದು ಹೇಳಬೇಕಾದವಳು ದಾದಿ. ಆ ಮಾತನ್ನು ಅವಿವಾಹಿತಳೂ ಕರುಣೆಯಿಂದ ಹೇಳಬಲ್ಲಳು; ಅನೇಕರು ಜೀವಮಾನವಿಡೀ ಹೇಳಿದ್ದಾರೆ, ಅವರಿಗೆ ನಾಡು ಋಣಿಯಾಗಿದೆ. ತಾಯಿಯಾದವಳೂ ಹೇಳಬಲ್ಲಳು. ಅವಳ ವಿದ್ಯೆಗೆ ಆ ನೋವಿನ ಅನುಭವವೂ ಸೇರಿರುತ್ತದೆ. ಅಂಥವಳನ್ನು ನಾವೇ ಬಾಗಿಲಿನಿಂದ ಹೊರಗೆ ಕಳುಹಿಸುವುದು ವಿವೇಕವಲ್ಲ. ತಮ್ಮ ಮನೆಯಲ್ಲಿ ಇಂಥ ಮಗಳೋ ಸೊಸೆಯೋ ಇದ್ದರೆ, ಟಿ.ಸಿ. ತರಲು ಹೊರಡುವ ಮೊದಲು ಕಾಲೇಜಿಗೆ ಹೋಗಿ ರಜೆಯ ವಿಚಾರವನ್ನು ಒಮ್ಮೆ ಕೇಳಿ ಬನ್ನಿರೆಂದು ಬೇಡಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.